ಶಾಲಿನ ಕೆಂಪು ಒಳಗೆ ಮಡಚ್ಕೊಂಡು ನೋಡಿದ ಮ್ಯಾಚು

2023ರ ನವೆಂಬರ್ 19ರ ಗಾಯ ಇನ್ನೂ ಆರಿರ್ಲಿಲ್ಲ. ಮಿಷಿಗನ್ನಿನ ಕ್ಯಾಂಟನ್ನಲ್ಲಿ ಅಕ್ಕನ ಮನೆ, ಬೆಳಗಿನ ಜಾವ ಮೂರೂವರೆಗೆ ಎದ್ದು ಕಾಫಿ ಹಾಕ್ಕೊಂಡು ಅಹಮದಾಬಾದ್ ವರ್ಲ್ಡ್ ಕಪ್ ಕ್ರಿಕೆಟ್ ಫೈನಲ್ ನೋಡೋಕೆ ಕೂತ್ವಿ, ಹತ್ತಕ್ಕೆ ಹತ್ತು ಗೆದ್ಕೊಂಡು ಬಂದೋರು ಕೊನೇ ಮ್ಯಾಚಲ್ಲಿ 240ಕ್ಕೆ ಆಲೌಟ್, ಆಮೇಲೆ ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ ಹೊಡೆದಿದ್ದು ನಿಮಗೆ ಗೊತ್ತೇ ಇದೆ ಬಿಡಿ. ಎರಡು ದಿನ ಭಾವ ಸರಿಯಾಗಿ ಊಟ ಮಾಡ್ಲಿಲ್ಲ. ಅಂಥಾ ಹೊತ್ತಲ್ಲಿ ಅಕ್ಕನ ಮಗ, ನನ್ನ ಅಳಿಯ, ಬಂದು "ಮಾಮ, ಶನಿವಾರ ಓಹಾಯೊ ಸ್ಟೇಟ್ ಯೂನಿವರ್ಸಿಟಿ ಮೇಲೆ ನಮ್ ಕಾಲೇಜ್ ಫುಟ್‌ಬಾಲ್ ಮ್ಯಾಚಿದೆ, ಹನ್ನೊಂದಕ್ಕೆ ಹನ್ನೊಂದೂ ಗೆದ್ದಿದೀವಿ, ನೀವು ಬರ್ಲೇಬೇಕು" ಅಂದ. "ಹಂಗಾದ್ರೆ ಸೋಲ್ತೀರ ಬಿಡೋ" ಅಂದೆ. ಅವನಿಗೆ ಬೇಜಾರಾಯ್ತು ಅನ್ಸುತ್ತೆ, ಏನು ಮಾಡೋದು, ಬಾಯಿಗೆ ಬಂದ್ಬಿಡ್ತು.

ಅವನು ಓದ್ತಿರೋದು ಆನ್ ಆರ್ಬರ್ನ ಮಿಷಿಗನ್ ಯೂನಿವರ್ಸಿಟಿಲಿ. ಫುಟ್‌ಬಾಲ್ ಅಂದ್ರೆ ಅಮೆರಿಕದವ್ರ ಫುಟ್‌ಬಾಲು, ಬಾಲ್ ಕೈಲಿ ಹಿಡ್ಕೊಂಡು ಓಡೋದು. ಕಾಲೇಜ್ ಹುಡುಗರ ಆಟ ಅಂದ್ರೆ ನನ್ ತಲೇಲಿ ಇದ್ದಿದ್ದು ಹಾಸನದ ನಮ್ಮ ಕಾಲೇಜು, ಇಂಟರ್ ಕಾಲೇಜಿಯೇಟ್ ಕಬಡ್ಡಿ, ಪಿಇಟಿ ಮೇಷ್ಟ್ರು ಸೀಟಿ, ನೋಡೋಕೆ ನೂರು ಜನ ಇದ್ರೆ ಹೆಚ್ಚು.

25ನೇ ತಾರೀಕು ಶನಿವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದು ಎರಡು ದಿನ. ಮಧ್ಯಾಹ್ನ ಹನ್ನೆರಡಕ್ಕೆ ಮ್ಯಾಚು, ಮನೆಯಿಂದ ಅರ್ಧ ಗಂಟೆ ದಾರಿ, ಆದ್ರೂ ಭಾವ ಏಳಕ್ಕೆಲ್ಲಾ ಹೊರಡಿಸಿದ್ರು. ಅಕ್ಕ ಪುಳಿಯೋಗರೆ ಕಟ್ಕೊಟ್ಲು, ತಾನು ಬರಲ್ಲ ಅಂದ್ಲು, ಆ ಚಳೀಲಿ ಕೂರೋಕೆ ನನಗೇನು ಹುಚ್ಚಾ ಅಂತ. ನಾನು ರಾಜ್ಯೋತ್ಸವಕ್ಕೆ ಅಂತ ಊರಿಂದ ತಂದಿದ್ದ ಹಳದಿ-ಕೆಂಪು ಶಾಲು ಹೊದ್ಕೊಂಡಿದ್ದೆ. ಗಾಲ್ಫ್ ಕೋರ್ಸ್ ಹುಲ್ಲಿನ ಮೇಲೆ ಪಾರ್ಕಿಂಗು, ಸಾಲು ಸಾಲು ಕಾರು, ಡಿಕ್ಕಿ ತೆಗೆದು ಅಲ್ಲೇ ಒಲೆ ಹಚ್ಚಿ ಮಾಂಸ ಸುಡ್ತಾ, ಬಿಯರ್ ಕುಡೀತಾ ಜಾತ್ರೆ ಥರ ಕೂತಿದಾರೆ ಜನ, ಅದರ ಮಧ್ಯೆ ನಾವು ಪುಳಿಯೋಗರೆ. ಅಳಿಯ ಅಲ್ಲಿಗೆ ಬಂದವ್ನು ನನ್ನ ನೋಡಿ ಗಾಬರಿಯಾದ. "ಮಾಮ, ಹಳದಿ ಓಕೆ, ಹಳದಿ-ನೀಲಿನೇ ನಮ್ದು, ಆದ್ರೆ ಕೆಂಪು ಓಹಾಯೊದವ್ರದು, ಒಳಗೆ ಮಡಚ್ಕೊಳಿ ಪ್ಲೀಸ್!" ಕುಂಕುಮದ ಕಡೆ ಒಳಗೆ ಮಾಡಿ ಅರಿಶಿನದ ಕಡೆ ಹೊರಗೆ ಹಾಕ್ಕೊಂಡೆ, ಭುವನೇಶ್ವರಿ ತಾಯಿ ಕ್ಷಮಿಸ್ಲಿ.

ಗೇಟಲ್ಲಿ ನನ್ನ ಕೈಚೀಲ ಬಿಡ್ಲಿಲ್ಲ, ಯಾವ ಬ್ಯಾಗೂ ಒಳಗಿಲ್ವಂತೆ. ಭಾವ ಮೊದ್ಲೇ ಹೇಳಿದ್ರು, ನಾನೇ ಕೇಳಿರ್ಲಿಲ್ಲ. ಮತ್ತೆ ಕಾರಿನವರೆಗೂ ನಡೆದು ಇಟ್ಟು ಬರೋಷ್ಟರಲ್ಲಿ ಕಿವಿ ಮರಗಟ್ಟಿತ್ತು.

ಹೊರಗಿಂದ ನೋಡಿದ್ರೆ ಆ ಸ್ಟೇಡಿಯಂ ಅಂಥಾ ಎತ್ತರ ಏನಿಲ್ಲ, ಇದನ್ನೇನಾ ಎಲ್ರೂ 'ಬಿಗ್ ಹೌಸ್', ದೊಡ್ಡ ಮನೆ, ಅಂತ ಕರೆಯೋದು ಅನ್ನಿಸ್ತು. ಒಳಗೆ ಹೆಜ್ಜೆ ಇಟ್ಟ ಮೇಲೆ ಗೊತ್ತಾಯ್ತು, ಮುಕ್ಕಾಲು ಭಾಗ ನೆಲದೊಳಗೇ ಇದೆ, ಕಲ್ಯಾಣಿ ಥರ, ನಾವು ಮೇಲಿನ ಮೆಟ್ಟಿಲಲ್ಲಿ ನಿಂತ್ಕೊಂಡು ಕೆಳಗೆ ನೋಡ್ತೀವಿ, ನೀರಿರೋ ಜಾಗದಲ್ಲಿ ಹಸಿರು ಮೈದಾನ. 1927ರಲ್ಲಿ ಕಟ್ಟಿದ್ದು. ಅವತ್ತು ಬಂದಿದ್ದ ಜನ 110,615 ಅಂತ ಅನೌನ್ಸ್ ಮಾಡಿದ್ರು, ನಮ್ಮ ಚಿನ್ನಸ್ವಾಮಿ ಎರಡು ಸಲ ತುಂಬಿದ್ರೂ ಇನ್ನೂ ಜನ ಉಳೀತಾರೆ. 1975ರಿಂದ, ಕೊರೊನಾ ವರ್ಷ ಬಿಟ್ರೆ, ಇಲ್ಲಿ ಒಂದು ಮ್ಯಾಚಿಗೂ ಲಕ್ಷಕ್ಕಿಂತ ಕಮ್ಮಿ ಜನ ಬಂದಿಲ್ಲ. ಟಿಕೆಟ್ ರೇಟು ಭಾವ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಪಕ್ಕದಲ್ಲಿ ಕಂಬಳಿ ಹೊದ್ದ ಒಬ್ಬ ಮುದುಕಪ್ಪ, ನನ್ನ ಕೈ ನಡುಗೋದು ನೋಡಿ ಜೇಬಿಂದ ಎರಡು ಬಿಸಿ ಪುಡಿ ಪ್ಯಾಕೆಟ್ ತೆಗೆದು ಕೊಟ್ಟ, ಗ್ಲೌಸ್ ಒಳಗೆ ಇಟ್ಕೊಂಡ್ರೆ ಬೆಚ್ಚಗಿರುತ್ತೆ. ಆಟಾನೂ ಅವನೇ ಹೇಳ್ಕೊಟ್ಟ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗ್ಬೇಕು, ಅಷ್ಟೇ, ಮಿಕ್ಕಿದ್ದೆಲ್ಲ ತಳ್ಳಾಟ. ಕಬಡ್ಡಿ ನೋಡಿದವನಿಗೆ ಕಷ್ಟ ಆಗ್ಲಿಲ್ಲ.

ಇವರ ಮುಖ್ಯ ಕೋಚ್ ಜಿಮ್ ಹಾರ್ಬಾ ಅವತ್ತು ಮೈದಾನದಲ್ಲೇ ಇಲ್ಲ! ಎದುರಾಳಿ ಟೀಮುಗಳು ಮೈದಾನದ ಅಂಚಿಂದ ಕೈಸನ್ನೇಲಿ ಸಿಗ್ನಲ್ ಕೊಡ್ತಾರಲ್ಲ, ಅದನ್ನ ಮುಂಚೆನೇ ಜನ ಕಳಿಸಿ ಕದ್ದು ನೋಡಿಸಿದ್ರು ಅನ್ನೋ ಗಲಾಟೇಲಿ ಲೀಗಿನ ಕೊನೇ ಮೂರು ಮ್ಯಾಚಿಗೆ ಸಸ್ಪೆಂಡು. ಅವರ ಜಾಗದಲ್ಲಿ ಶೆರೋನ್ ಮೂರ್ ಅಂತ ಅಸಿಸ್ಟೆಂಟ್ ಕೋಚ್ ನಡೆಸ್ತಿದ್ರು. ಹಿಂದಿನ ವಾರ ಮೇರಿಲ್ಯಾಂಡ್ ಮೇಲೆ ಗೆದ್ದಿದ್ದು ಮಿಷಿಗನ್ನಿನ ಸಾವಿರನೇ ಗೆಲುವು, ಅಮೆರಿಕದ ಕಾಲೇಜ್ ಟೀಮುಗಳಲ್ಲಿ ಸಾವಿರ ಮುಟ್ಟಿದ್ದು ಇವರೇ ಮೊದ್ಲು. ಆದ್ರೆ ಮುದುಕಪ್ಪನಿಗೆ ಆ ಸಾವಿರ ಲೆಕ್ಕಕ್ಕೇ ಇಲ್ಲ, ಓಹಾಯೊ ಮೇಲೆ ಸೋತ್ರೆ ವರ್ಷ ವೇಸ್ಟ್ ಅಂದ. ಅವರೂ ಹನ್ನೊಂದಕ್ಕೆ ಹನ್ನೊಂದು ಗೆದ್ದೇ ಬಂದಿದ್ರು.

ಮೂರನೇ ಕ್ವಾರ್ಟರ್, 17-17 ಸಮ. ಮಿಷಿಗನ್ ಕಡೆ ಜಾಕ್ ಜಿಂಟರ್, ಬೆಟ್ಟದಂಥ ಹುಡುಗ, ಕಾಲು ಮುರ್ಕೊಂಡು ಬಿದ್ದ. ಇಡೀ ಸ್ಟೇಡಿಯಂ ಗಪ್‌ಚುಪ್. ನನಗೆ ಆರು ದಿನದ ಹಿಂದಿನ ಅಹಮದಾಬಾದ್ ನೆನಪಾಗಿ ಹೊಟ್ಟೆ ಒಳಗೆ ಕಿವುಚಿದಂಗಾಯ್ತು, ಇದೂ ಹೋಯ್ತು ಅಂದ್ಕೊಂಡೆ. ಗಾಡೀಲಿ ಕರ್ಕೊಂಡು ಹೋಗ್ಬೇಕಾದ್ರೆ ಜನ ಅವನ ಹೆಸರು ಕೂಗಿದ್ರು. ಅದರ ಮುಂದಿನ ಆಟ, ಅಂದ್ರೆ ಸರಿಯಾಗಿ ಅದರ ಮುಂದಿನದೇ, ಬ್ಲೇಕ್ ಕೋರಮ್ ಅನ್ನೋ ಗಿಡ್ಡ ಹುಡುಗ ಬಾಲ್ ಬಗಲಲ್ಲಿ ಇಟ್ಕೊಂಡು ಸಂದೀಲಿ ನುಗ್ಗಿ 22 ಗಜ ಓಡಿ ಕೊನೇ ಗೆರೆ ದಾಟಿದ, ಟಚ್‌ಡೌನ್! ಓಡಿ ಮುಗಿಸಿ ಬೆರಳಲ್ಲಿ ಆರು, ಐದು ತೋರಿಸ್ದ. 65 ಜಿಂಟರ್ ನಂಬರು. ಮುದುಕಪ್ಪ ನನ್ನ ತಬ್ಕೊಂಡು ಅಳ್ತಿದ್ದ, ಕಂಬಳಿ ಕೆಳಗೆ ಬಿದ್ದಿತ್ತು, ಶಾಲು ಯಾವಾಗ ಜಾರಿ ಕೆಂಪು ಹೊರಗೆ ಬಂತೋ ಗೊತ್ತಿಲ್ಲ, ಯಾರೂ ನೋಡ್ಲಿಲ್ಲ.

ಆಮೇಲೂ ಓಹಾಯೊ ಬಿಡ್ಲಿಲ್ಲ. 30-24, ಇನ್ನು ಅರ್ಧ ನಿಮಿಷ ಇದೆ, ಬಾಲ್ ಅವರ ಕೈಲೇ ಇದೆ, ಆಗ ನಮ್ಮ ಕಡೆ ಆಟಗಾರ ರಾಡ್ ಮೂರ್ ಅಡ್ಡ ಬಂದು ಅವರ ಪಾಸು ಹಿಡ್ಕೊಂಡ್ಬಿಟ್ಟ. ಮುಗೀತು. ಸ್ಟೂಡೆಂಟ್ಸ್ ಬೇಲಿ ಹಾರಿ ಮೈದಾನ ತುಂಬಿದ್ರು, ಅಳಿಯನೂ ಅದರಲ್ಲೇ ಎಲ್ಲೋ. ಎರಡು ಗಂಟೆ ಕಾದ್ವಿ ಕಾರ್ ಹತ್ರ. ಬಂದಾಗ ಗಂಟಲಲ್ಲಿ ಸ್ವರಾನೇ ಇಲ್ಲ, ಉಳಿದಿದ್ದ ಪುಳಿಯೋಗರೆ ತಣ್ಣಗೆ ಕಲ್ಲಾಗಿದ್ದನ್ನ ಡಬ್ಬೀಲೇ ತಿಂದ.

ಡಿಸೆಂಬರಲ್ಲಿ ನಾನು ಊರಿಗೆ ವಾಪಸ್ ಬಂದೆ. ಅಷ್ಟರಲ್ಲಿ ಚಟ ಅಂಟಿತ್ತು. ರೋಸ್ ಬೌಲ್ ಅನ್ನೋ ಸೆಮಿಫೈನಲಲ್ಲಿ ಅಲಬಾಮಾ ಮೇಲೆ ಓವರ್‌ಟೈಮಲ್ಲಿ 27-20, ನಮಗೆ ಅದು ಜನವರಿ 2ರ ಬೆಳಗಿನ ಜಾವ, ಅಳಿಯ ವಾಟ್ಸಾಪ್ ವಿಡಿಯೋ ಕಾಲ್ ಮಾಡಿ ಟಿವಿ ಮುಂದೆ ಫೋನ್ ನಿಲ್ಲಿಸಿದ್ದ. 9ನೇ ತಾರೀಕು ಬೆಳಗ್ಗೆ ಫೈನಲ್, ವಾಷಿಂಗ್ಟನ್ ಮೇಲೆ 34-13, ಹದಿನೈದಕ್ಕೆ ಹದಿನೈದು. ಹಾಸನದ ಮನೆ ಜಗಲಿ ಮೇಲೆ ಒಬ್ಬನೇ ಕೂತ್ಕೊಂಡು ಕಿರುಚಿದೆ. ಅಮ್ಮ ಕಾಫಿ ಲೋಟ ಹಿಡ್ಕೊಂಡು ಬಾಗಿಲಿಗೆ ಬಂದು ಕೇಳಿದ್ಳು, "ಏನೋ ಅದು, ಆಸ್ಟ್ರೇಲಿಯಾದವ್ರು ಸೋತ್ರಾ?"

ಹೂಂ ಅಂದೆ.