ಪೆನ್‌ಡ್ರೈವ್ ಬದಲಿಸುವ ಮುಂಚೆ, ಎಲ್ಲಿ ನಿಂತಿತು ಅಂತ ನೋಡಿ

ಹಳೆಯ ಲ್ಯಾಪ್‌ಟಾಪ್‌ಗಳನ್ನು ಮತ್ತೆ ಬಳಕೆಗೆ ತರುವುದು ನನ್ನ ಕೆಲಸದ ದೊಡ್ಡ ಪಾಲು. ಮೂಲೆ ಸೇರಿದ್ದ ಯಂತ್ರಗಳು ನಮ್ಮ ಟೇಬಲ್‌ಗೆ ಬರುತ್ತವೆ. ಕೆಲವದರಲ್ಲಿ ಸಿಡಿ ಡ್ರೈವ್ ಕೆಟ್ಟಿರುತ್ತದೆ, ಕೆಲವದರಲ್ಲಿ ಡ್ರೈವ್ ಇದ್ದ ಜಾಗದಲ್ಲಿ ಬರೀ ಪ್ಲಾಸ್ಟಿಕ್ ಮುಚ್ಚಳ, ಕೆಲವಕ್ಕೆ ಮೊದಲಿಂದಲೂ ಡ್ರೈವೇ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಇಂಥವು ಜಾಸ್ತಿಯಾಗಿವೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು, ಹಳೆಯವುಗಳಲ್ಲಿ ಅದು ಇರುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಡೆಬಿಯನ್ ಅಥವಾ ಅಂಥದ್ದೇ ಹಗುರವಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮನ್ನು ಪೆನ್‌ಡ್ರೈವಿನಿಂದ ಹಾಕಿ ಕೊಡುತ್ತೇವೆ.

ಸಿಡಿ ಡ್ರೈವ್ ಇಲ್ಲದಿರುವುದು ಇದರಲ್ಲಿ ಚಿಕ್ಕ ತೊಂದರೆ. ಸಮಯ ತಿನ್ನುವುದು ಬೇರೆಯೇ. ಹೊಸದಾಗಿ ಸೇರಿದ ಹುಡುಗರು ಪೆನ್‌ಡ್ರೈವ್ ಹಾಕಿ ಆನ್ ಮಾಡುತ್ತಾರೆ, ಬೂಟ್ ಆಗುವುದಿಲ್ಲ, ಅಂದರೆ ಅದರಿಂದ ಯಂತ್ರ ಶುರುವಾಗುವುದಿಲ್ಲ. "ಸರ್, ಪೆನ್‌ಡ್ರೈವ್ ಹೋಗಿದೆ ಅನ್ಸುತ್ತೆ" ಅಂತ ಇನ್ನೊಂದು ತಯಾರಿಸುತ್ತಾರೆ. ಅದೂ ಆಗದಿದ್ದರೆ ಬೇರೆ ಐಎಸ್‌ಒ (ಇಡೀ ಇನ್‌ಸ್ಟಾಲ್ ಸಿಡಿಯನ್ನು ಒಂದೇ ಫೈಲಾಗಿ ಮಾಡಿದ್ದು) ಇಳಿಸುತ್ತಾರೆ, ಬೇರೆ ಸಾಫ್ಟ್‌ವೇರ್ ಹುಡುಕುತ್ತಾರೆ. ಅಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಅವರಿಗೆ ನಾನು ಕೇಳುವುದು ಒಂದೇ ಮಾತು: "ಎಲ್ಲಿ ನಿಂತಿತು?"

ಕಂಪ್ಯೂಟರ್ ಶುರುವಾಗುವುದು ರಿಲೇ ಓಟದ ಹಾಗೆ. ಯಂತ್ರದ ಚಿಪ್ಪಿನಲ್ಲೇ ಇರುವ ಬಯಾಸ್ ಅನ್ನುವ ಪ್ರೋಗ್ರಾಂ ಮೊದಲು ಓಡುತ್ತದೆ, ಸಿಸ್ಟಮ್ಮನ್ನು ಎಬ್ಬಿಸುವ ಚಿಕ್ಕ ಪ್ರೋಗ್ರಾಂ ಆದ ಬೂಟ್‌ಲೋಡರ್ ಕೈಗೆ ಕೋಲು ಕೊಡುತ್ತದೆ. ಬೂಟ್‌ಲೋಡರ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಕೊಡುತ್ತದೆ, ಕರ್ನಲ್ ಇನ್‌ಸ್ಟಾಲರ್‌ಗೆ. ಕೋಲು ಯಾರ ಕೈಯಿಂದ ಬಿತ್ತು ಅಂತ ಪರದೆಯೇ ಹೇಳುತ್ತದೆ. ಅದನ್ನು ಓದದೆ ಮತ್ತೆ ಮೊದಲಿಂದ ಶುರುಮಾಡಿದರೆ ಮತ್ತೆ ಅಲ್ಲೇ ಬೀಳುತ್ತದೆ.

ಮೊದಲ ಹಂತ, ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರೇ ಕಾಣದಿರುವುದು. ಮೆನು ತೆರೆಯುವ ಕೀಲಿ ಒಂದೊಂದು ಕಂಪನಿಯದು ಒಂದೊಂದು. ಡೆಲ್ ಮತ್ತು ಥಿಂಕ್‌ಪ್ಯಾಡ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಸಾಮಾನ್ಯವಾಗಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಎಷ್ಟೋ ಮಾದರಿಗಳಲ್ಲಿ ಬಯಾಸ್ ಒಳಗೆ ಹೋಗಿ ಆ ಮೆನುವನ್ನು ಆನ್ ಮಾಡಿರಬೇಕು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಕೆಲವು ಹಳೆಯ ಬಯಾಸ್‌ಗಳು ಪೆನ್‌ಡ್ರೈವನ್ನು ಹಾರ್ಡ್‌ಡಿಸ್ಕ್ ಅಂತಲೇ ಲೆಕ್ಕ ಹಾಕುತ್ತವೆ. ಬೂಟ್ ಪಟ್ಟಿಯಲ್ಲಿ ಯುಎಸ್‌ಬಿ ಅಂತ ಹುಡುಕಿದರೆ ಸಿಗುವುದೇ ಇಲ್ಲ. ಹಾರ್ಡ್‌ಡಿಸ್ಕ್ ಸಾಲನ್ನು ತೆರೆದರೆ, ಅದರೊಳಗಿನ ಪಟ್ಟಿಯಲ್ಲಿ ಎರಡನೆಯದಾಗಿ ಕೂತಿರುತ್ತದೆ. ಅದನ್ನು ಮೇಲಕ್ಕೆ ತಂದರೆ ಮುಗಿಯಿತು. ಅದೂ ಪೆನ್‌ಡ್ರೈವ್ ಚುಚ್ಚಿಟ್ಟೇ ಬಯಾಸ್ ಒಳಗೆ ಹೋದರೆ ಮಾತ್ರ ಕಾಣುತ್ತದೆ.

ಎರಡನೆಯ ಹಂತದಲ್ಲಿ ಪೆನ್‌ಡ್ರೈವ್ ಕಾಣುತ್ತದೆ, ಆರಿಸುತ್ತೀರಿ, ಕಪ್ಪು ಪರದೆಯಲ್ಲಿ ಕರ್ಸರ್ ಮಿನುಗುತ್ತಾ ನಿಲ್ಲುತ್ತದೆ. ಅಥವಾ ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ ಅಂತ ಬರುತ್ತದೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಒಳಗೆ ಏನಾಗುತ್ತದೆ ಅಂತ ಗೊತ್ತಾದರೆ ಎಷ್ಟೋ ಗೊಂದಲ ತಾನಾಗಿ ಹೋಗುತ್ತದೆ.

ಹಳೆಯ ಬಯಾಸ್‌ಗೆ ಫೈಲ್, ಫೋಲ್ಡರ್ ಯಾವುದೂ ಅರ್ಥವಾಗುವುದಿಲ್ಲ. ಅದು ಡಿಸ್ಕಿನ ಮೊದಲ 512 ಬೈಟ್‌ಗಳನ್ನು ಓದುತ್ತದೆ. ಸಾಮಾನ್ಯವಾಗಿ ಅದರ ಕೊನೆಯ ಎರಡು ಬೈಟ್ ಹೆಕ್ಸ್ ಲೆಕ್ಕದಲ್ಲಿ 55 ಮತ್ತು ಎಎ ಇದೆಯಾ ಅಂತ ನೋಡುತ್ತದೆ. ಇದ್ದರೆ ಆ ತುಣುಕನ್ನೇ ಪ್ರೋಗ್ರಾಂ ಅಂತ ನಡೆಸುತ್ತದೆ. ಸಿಡಿಯ ದಾರಿ ಬೇರೆ. ಸಿಡಿಯಿಂದ ಬೂಟ್ ಮಾಡುವುದಕ್ಕೆ 1995ರಲ್ಲಿ ಎಲ್ ಟೊರಿಟೊ ಅನ್ನುವ ನಿಯಮ ಬಂತು. ಬೂಟ್ ಮಾಡುವ ಭಾಗ ಸಿಡಿಯಲ್ಲಿ ಎಲ್ಲಿದೆ ಅಂತ ತಿಳಿಸುವ ಪಟ್ಟಿ ಅದರಲ್ಲಿ ಇರುತ್ತದೆ. ಸಿಡಿಯ ಒಂದೊಂದು ಸೆಕ್ಟರ್, ಅಂದರೆ ಒಮ್ಮೆಗೆ ಓದುವ ತುಣುಕು, 2048 ಬೈಟ್, ಪೆನ್‌ಡ್ರೈವಿನದು ಸಾಮಾನ್ಯವಾಗಿ 512. ಸಿಡಿಗೆ ಅಂತ ಮಾಡಿದ ಐಎಸ್‌ಒ ಫೈಲನ್ನು ಪೆನ್‌ಡ್ರೈವಿಗೆ ಸುಮ್ನೆ ಕಾಪಿ ಮಾಡಿದರೆ, ಬಯಾಸ್ ಕಣ್ಣಿಗೆ ಅದು ಸಿನಿಮಾ ಫೈಲಿಗಿಂತ ಬೇರೆಯಲ್ಲ. ಬೂಟ್ ಆಗುವುದಕ್ಕೆ ಕಾರಣವೇ ಇಲ್ಲ.

ಹಾಗಾದರೆ ಈಗಿನ ಲಿನಕ್ಸ್ ಐಎಸ್‌ಒಗಳು ಸಿಡಿಯಲ್ಲೂ ಪೆನ್‌ಡ್ರೈವಿನಲ್ಲೂ ಹೇಗೆ ನಡೆಯುತ್ತವೆ? ಇದು ನನಗೆ ತುಂಬಾ ಇಷ್ಟವಾದ ಜಾಣತನ. ಸಿಡಿಯ ಫೈಲ್ ವ್ಯವಸ್ಥೆಯಲ್ಲಿ ಮೊದಲ 32 ಕೆಬಿ ಜಾಗ ಖಾಲಿ ಬಿಟ್ಟಿರುತ್ತಾರೆ. ಸಿಡಿ ಡ್ರೈವ್ ಅದರ ಕಡೆ ನೋಡುವುದೇ ಇಲ್ಲ. ಆ ಖಾಲಿ ಜಾಗದಲ್ಲಿ ಹಾರ್ಡ್‌ಡಿಸ್ಕಿನ ಥರದ ಮೊದಲ ಸೆಕ್ಟರ್ ಒಂದನ್ನು ಕೂರಿಸಿಬಿಟ್ಟರೆ, ಒಂದೇ ಫೈಲ್ ಎರಡೂ ಕಡೆ ಬೂಟ್ ಆಗುತ್ತದೆ. ಇದಕ್ಕೆ ಹೈಬ್ರಿಡ್ ಐಎಸ್‌ಒ ಅನ್ನುತ್ತಾರೆ. ಒಮ್ಮೆ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಇಂಥ ಪೆನ್‌ಡ್ರೈವಿನ ಮೊದಲ ಸೆಕ್ಟರ್ ತೆರೆದು ನೋಡಿ. ಅಕ್ಷರಗಳ ರಾಶಿಯ ಕೊನೆಗೆ 55 ಎಎ ಕಾಣುತ್ತದೆ. ಹೊಸಬರಿಗೆ ನಾನು ಇದನ್ನು ತೋರಿಸಿಯೇ ಮುಂದೆ ಹೋಗುವುದು. ಒಂದು ಸಲ ಕಣ್ಣಾರೆ ಕಂಡರೆ, ಆಮೇಲೆ ಯಾರೂ ಐಎಸ್‌ಒ ಫೈಲನ್ನು ಕಾಪಿ-ಪೇಸ್ಟ್ ಮಾಡುವುದಿಲ್ಲ.

ಆದ್ದರಿಂದ ಐಎಸ್‌ಒ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಇದ್ದ ಹಾಗೇ ಪೆನ್‌ಡ್ರೈವಿನ ಮೇಲೆ ಇಳಿಯಬೇಕು. ಹಾಗೆ ಬರೆಯುವುದಕ್ಕೆ ಲಿನಕ್ಸ್‌ನಲ್ಲಿ ಡಿಡಿ ಕಮಾಂಡ್ ಇದೆ, ಎಚರ್ ಇದೆ. ವಿಂಡೋಸ್‌ನಲ್ಲಿ ರೂಫಸ್ ಇದೆ. ಹೈಬ್ರಿಡ್ ಫೈಲ್ ಕೊಟ್ಟರೆ ರೂಫಸ್ ಐಎಸ್‌ಒ ಮೋಡ್ ಬೇಕಾ, ಡಿಡಿ ಮೋಡ್ ಬೇಕಾ ಅಂತ ಕೇಳುತ್ತದೆ. ಒಂದರಲ್ಲಿ ಆಗದಿದ್ದರೆ ಇನ್ನೊಂದರಲ್ಲಿ ಬರೆದು ನೋಡುವುದಕ್ಕೆ ಅರ್ಥವಿದೆ, ಯಾಕೆಂದರೆ ಎರಡೂ ಪೆನ್‌ಡ್ರೈವ್ ಮೇಲೆ ಬೇರೆ ಬೇರೆ ರೀತಿ ಕೂರುತ್ತವೆ. ಡಿಡಿ ಬಳಸುವಾಗ ಯಾವ ಡಿಸ್ಕಿಗೆ ಬರೆಯುತ್ತಿದ್ದೀರಿ ಅಂತ ಎಂಟರ್ ಒತ್ತುವ ಮುಂಚೆ ಇನ್ನೊಮ್ಮೆ ಓದಿ. ಅದು ಏನನ್ನೂ ಕೇಳದೆ ಬರೆದುಬಿಡುತ್ತದೆ. ಬರೆದಾದ ಮೇಲೆ ಥಟ್ಟನೆ ಕೀಳಬೇಡಿ. ಮುಗಿಯಿತು ಅಂತ ಕಂಡರೂ ಕೊನೆಯ ಭಾಗ ಇನ್ನೂ ಮೆಮೊರಿಯಲ್ಲೇ ಇರಬಹುದು. ಸಿಂಕ್ ಮಾಡಿ, ಇಜೆಕ್ಟ್ ಮಾಡಿ, ಆಮೇಲೆ ತೆಗೆಯಿರಿ. ಇಳಿಸಿಕೊಂಡ ಫೈಲಿನ ಎಸ್‌ಎಚ್‌ಎ256 ಮೊತ್ತವನ್ನೂ, ಅಂದರೆ ಫೈಲ್ ಕೆಡದೆ ಬಂದಿದೆಯಾ ಅಂತ ತಿಳಿಸುವ ಗುರುತನ್ನು, ಇಳಿಸಿದ ತಾಣದಲ್ಲಿ ಕೊಟ್ಟದ್ದರ ಜೊತೆ ಹೋಲಿಸಿ ನೋಡಿ. ಅರ್ಧಂಬರ್ಧ ಇಳಿದ ಫೈಲಿನ ತಪ್ಪಿಗೆ ಲ್ಯಾಪ್‌ಟಾಪ್ ಬೈಗುಳ ತಿನ್ನುವುದು ಬೇಡ.

ಹಳೆಯ ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಇರುವ ಲ್ಯಾಪ್‌ಟಾಪ್ ಆದರೆ ಕಥೆ ಸುಲಭ. ಅದಕ್ಕೆ ಫೈಲ್ ಓದಲು ಬರುತ್ತದೆ. ಫ್ಯಾಟ್ ಅನ್ನುವ ಫೈಲ್ ವ್ಯವಸ್ಥೆ ಇರುವ ಪಾರ್ಟಿಶನ್ನಿನಲ್ಲಿ ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರಲ್ಲಿ ಬೂಟ್‌ಎಕ್ಸ್64 ಅನ್ನುವ ಫೈಲ್ ಇದ್ದರೆ ಸಾಕು. ಐಎಸ್‌ಒ ಬಿಚ್ಚಿ ಒಳಗಿನ ಫೈಲುಗಳನ್ನು ಫ್ಯಾಟ್32 ಪೆನ್‌ಡ್ರೈವಿಗೆ ಹಾಕಿದರೂ ಎಷ್ಟೋ ಸಲ ನಡೆಯುತ್ತದೆ. ವಿಂಡೋಸ್‌ಗೆ ಮಾತ್ರ ಒಂದು ಅಡ್ಡಿ ಇದೆ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ವಿಂಡೋಸ್‌ನ ಇನ್‌ಸ್ಟಾಲ್ ಫೈಲ್ ಈಗ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಆಗ ಅದನ್ನು ಡಿಸ್ಮ್ ಕಮಾಂಡಿನಿಂದ ತುಂಡು ಮಾಡಬೇಕು, ಇಲ್ಲವೇ ರೂಫಸ್‌ಗೆ ಬಿಡಬೇಕು.

ಇನ್ನೊಂದು ಜಾತಿಯ ಯಂತ್ರ ಇದೆ, ಅದು ಎಂಥವರನ್ನೂ ಕಾಡಿಸುತ್ತದೆ. ಆಟಮ್ ಬೇ ಟ್ರೇಲ್ ಪ್ರೊಸೆಸರ್ ಇರುವ ಚಿಕ್ಕ ಲ್ಯಾಪ್‌ಟಾಪ್‌ಗಳು. ಪ್ರೊಸೆಸರ್ 64 ಬಿಟ್, ಆದರೆ ಅವುಗಳಲ್ಲಿ ಬಹಳಷ್ಟಕ್ಕೆ 32 ಬಿಟ್ ಯುಇಎಫ್‌ಐ. ಅದು ಬೂಟ್‌ಎಕ್ಸ್64 ಬದಲು ಬೂಟ್‌ಐಎ32 ಅನ್ನುವ ಫೈಲನ್ನು ಹುಡುಕುತ್ತದೆ. ಆ ಫೈಲ್ ಇಲ್ಲದ ಪೆನ್‌ಡ್ರೈವ್ ಎಷ್ಟು ಚೆನ್ನಾಗಿ ಬರೆದಿದ್ದರೂ ಅದರ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯ ಹಂತ ಕರ್ನಲ್‌ನದು. ಮೆನು ಬರುತ್ತದೆ, ಇನ್‌ಸ್ಟಾಲ್ ಒತ್ತುತ್ತೀರಿ, ಎರಡು ಸಾಲು ಬಂದು ನಿಲ್ಲುತ್ತದೆ. ಈ ಕರ್ನಲ್‌ಗೆ ಎಕ್ಸ್86-64 ಪ್ರೊಸೆಸರ್ ಬೇಕು, ಇಲ್ಲಿ ಸಿಕ್ಕಿದ್ದು ಐ686 ಅಂತ ಬರೆದಿರುತ್ತದೆ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಪೆನ್‌ಡ್ರೈವ್ ಬದಲಿಸುವವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ಇದು 32 ಬಿಟ್ ಪ್ರೊಸೆಸರ್, 32 ಬಿಟ್ ಐಎಸ್‌ಒ ಬೇಕು, ಅಷ್ಟೇ. ಆದರೆ ಅದು ಸಿಗುವುದು ಈಗ ಕಷ್ಟವಾಗುತ್ತಿದೆ. ಉಬುಂಟು ಡೆಸ್ಕ್‌ಟಾಪ್ 17.10ರಿಂದಲೇ 32 ಬಿಟ್ ಐಎಸ್‌ಒ ನಿಲ್ಲಿಸಿತು. ಡೆಬಿಯನ್ 12ರಲ್ಲಿ ಇತ್ತು, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಪಿಎಇ (32 ಬಿಟ್ ಪ್ರೊಸೆಸರ್ ಹೆಚ್ಚು ಮೆಮೊರಿ ಬಳಸುವುದಕ್ಕೆ ಇರುವ ಸೌಲಭ್ಯ) ಇಲ್ಲ ಅಂತ ಬಂದರೆ ಅದು ಬೇರೆ ವಿಷಯ. ಹಳೆಯ ಪೆಂಟಿಯಮ್ ಎಂ ಪ್ರೊಸೆಸರ್‌ಗಳಲ್ಲಿ ಕೆಲವು ಆ ಸೌಲಭ್ಯ ಇದ್ದರೂ ಇದೆ ಅಂತ ಹೇಳಿಕೊಳ್ಳುವುದಿಲ್ಲ. ಬೂಟ್ ಸಾಲಿನ ಕೊನೆಗೆ ಫೋರ್ಸ್‌ಪಿಎಇ ಅಂತ ಸೇರಿಸಿದರೆ ಮುಂದೆ ಹೋಗುತ್ತವೆ.

ನಾಲ್ಕನೆಯದು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಹಂತ. ಇನ್‌ಸ್ಟಾಲರ್ ಬಣ್ಣಬಣ್ಣವಾಗಿ ತೆರೆದುಕೊಳ್ಳುತ್ತದೆ, ಭಾಷೆ ಕೇಳುತ್ತದೆ, ಆಮೇಲೆ ಸಿಡಿ ಡ್ರೈವ್ ಸಿಗಲಿಲ್ಲ ಅನ್ನುತ್ತದೆ. ಪೆನ್‌ಡ್ರೈವಿನಿಂದಲೇ ಶುರುವಾದದ್ದು ಸಿಡಿ ಯಾಕೆ ಕೇಳುತ್ತದೆ? ಇಲ್ಲಿಯವರೆಗೆ ಪೆನ್‌ಡ್ರೈವನ್ನು ಓದಿ ಕೊಟ್ಟದ್ದು ಬಯಾಸ್. ಈಗ ಕೋಲು ಕರ್ನಲ್ ಕೈಗೆ ಬಂದಿದೆ, ಅದು ತನ್ನದೇ ಡ್ರೈವರ್‌ನಿಂದ ಪೆನ್‌ಡ್ರೈವನ್ನು ಹೊಸದಾಗಿ ಹುಡುಕಬೇಕು. ಸಿಗದಿದ್ದರೆ ಹಳೆಯ ಕಾಲದ ಮಾತಿನಲ್ಲಿ ಸಿಡಿ ಇಲ್ಲ ಅನ್ನುತ್ತದೆ. ವಿಂಡೋಸ್ 7ರ ಇನ್‌ಸ್ಟಾಲರ್ ಕೂಡ ಸಿಡಿ/ಡಿವಿಡಿ ಡ್ರೈವರ್ ಇಲ್ಲ ಅಂತಲೇ ಹೇಳುತ್ತದೆ. ಅದರಲ್ಲಿ ಯುಎಸ್‌ಬಿ 3.0 ಡ್ರೈವರ್ ಇಲ್ಲದಿರುವುದು ಇದಕ್ಕೆ ದೊಡ್ಡ ಕಾರಣ. ನೀಲಿ ನಾಲಿಗೆಯ ಪೋರ್ಟಿನಿಂದ ಕಿತ್ತು ಕಪ್ಪು ಬಣ್ಣದ ಯುಎಸ್‌ಬಿ 2.0 ಪೋರ್ಟಿಗೆ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಬಗೆಹರಿಯುತ್ತದೆ. ಡೆಬಿಯನ್‌ನಲ್ಲಿ ಇದು ಬಂದರೆ, ಐಎಸ್‌ಒ ಇದ್ದ ಹಾಗೇ ಬರೆದಿಲ್ಲ ಅನ್ನುವ ಅನುಮಾನ ಮೊದಲು ಬರಬೇಕು.

ಯುಎಸ್‌ಬಿಯಿಂದ ಬೂಟ್ ಆಗುವುದೇ ಗೊತ್ತಿಲ್ಲದಷ್ಟು ಹಳೆಯ ಯಂತ್ರ ಆದರೆ ನಾನು ನೆಟ್‌ವರ್ಕ್ ಕಡೆ ಹೋಗುತ್ತೇನೆ. ತಂತಿಯ ನೆಟ್‌ವರ್ಕ್ ಪೋರ್ಟ್ ಇರುವ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಪಿಎಕ್ಸ್‌ಇ, ಅಂದರೆ ನೆಟ್‌ವರ್ಕಿನಿಂದಲೇ ಬೂಟ್ ಆಗುವುದು, ಬರುತ್ತದೆ. ಪಕ್ಕದಲ್ಲಿ ಒಂದು ಲಿನಕ್ಸ್ ಯಂತ್ರ ಇಟ್ಟು ಅದರಲ್ಲಿ ಡಿಎನ್‌ಎಸ್‌ಮಾಸ್ಕ್ ಅನ್ನುವ ಪ್ರೋಗ್ರಾಂ ನಡೆಸಿದರೆ ಸಾಕು. ಯಂತ್ರಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಅದೇ ದಾರಿ ತೋರಿಸುತ್ತದೆ, ಫೈಲ್ ಕಳಿಸುವ ಟಿಎಫ್‌ಟಿಪಿಯಿಂದ ಅದೇ ಬೂಟ್‌ಲೋಡರ್ ಕೊಡುತ್ತದೆ. ಆಫೀಸಿನ ನೆಟ್‌ವರ್ಕಿಗೆ ಸೇರಿಸದೆ ಬೇರೆ ಸ್ವಿಚ್‌ನಲ್ಲಿ ಮಾಡಿ. ಇಲ್ಲದಿದ್ದರೆ ಎರಡು ಡಿಎಚ್‌ಸಿಪಿ ಸರ್ವರ್ ಆಗಿ ಎಲ್ಲರ ಇಂಟರ್ನೆಟ್ಟೂ ಎಡವುತ್ತದೆ. ಒಮ್ಮೆ ಕೂರಿಸಿಟ್ಟರೆ ಬಂದ ಯಂತ್ರಗಳಿಗೆಲ್ಲ ಅದೇ ಆಗುತ್ತದೆ, ಪೆನ್‌ಡ್ರೈವ್ ಮುಟ್ಟುವುದೇ ಬೇಡ.

ಅದೂ ಇಲ್ಲವಾದರೆ ಹಾರ್ಡ್‌ಡಿಸ್ಕ್ ಬಿಚ್ಚಿ ಬೇರೆ ಲ್ಯಾಪ್‌ಟಾಪ್‌ಗೆ ಹಾಕಿ ಅಲ್ಲೇ ಇನ್‌ಸ್ಟಾಲ್ ಮಾಡಬಹುದು. ಲಿನಕ್ಸ್‌ಗೆ ಇದು ಸಾಮಾನ್ಯವಾಗಿ ಒಗ್ಗುತ್ತದೆ. ಹಳೆಯ ವಿಂಡೋಸ್‌ಗಳು ಮಾತ್ರ ಬೇರೆ ಯಂತ್ರದಲ್ಲಿ ಕೂತಾಗ ಡಿಸ್ಕ್ ಡ್ರೈವರ್ ಸಿಗದೆ ನೀಲಿ ಪರದೆ ತೋರಿಸುತ್ತವೆ. ಹೇಗೂ ಡಿಸ್ಕ್ ಕೈಗೆ ಬಂದಿದ್ದರೆ, ಅದು ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿಬಿಡಿ. ಕೆಟ್ಟ ಜಾಗಗಳನ್ನು ಎಣಿಸುವ ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಈ ಎರಡು ಲೆಕ್ಕ ಏರುತ್ತಿದ್ದರೆ ಆ ಡಿಸ್ಕಿಗೆ ಯಾವ ಸಿಸ್ಟಮ್ ಹಾಕಿದರೂ ವ್ಯರ್ಥ. ಹಳೆಯ ಮಾಲೀಕರ ಫೋಟೋ, ಫೈಲುಗಳು ಬೇರೆ ಕಡೆ ಹೋಗಿವೆಯಾ ಅಂತ ಕೇಳುವುದನ್ನೂ ಇಲ್ಲಿಯೇ ಮುಗಿಸಿ. ಅಳಿಸಿದ ಮೇಲೆ ಕೇಳಿ ಪ್ರಯೋಜನ ಇಲ್ಲ, ಅಲ್ವಾ?

ಇನ್‌ಸ್ಟಾಲ್ ನಡೆಯುವಾಗ ಪ್ಯಾಕೇಜ್ ಇಳಿಯದೆ ಸರ್ಟಿಫಿಕೇಟ್ ಸರಿಯಿಲ್ಲ, ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ ಅಂತ ಬಂದರೆ ಇಂಟರ್ನೆಟ್ಟನ್ನು ಬೈಯುವ ಮುಂಚೆ ತಾರೀಖು ನೋಡಿ. ವರ್ಷಗಟ್ಟಲೆ ಬೀರುವಿನಲ್ಲಿದ್ದ ಲ್ಯಾಪ್‌ಟಾಪ್‌ನಲ್ಲಿ ಗಡಿಯಾರ ನಡೆಸುವ ಚಿಕ್ಕ ಸಿಮೋಸ್ ಬ್ಯಾಟರಿ ಸತ್ತಿರುತ್ತದೆ, ಗಡಿಯಾರ ಎಷ್ಟೋ ವರ್ಷ ಹಿಂದೆ ನಿಂತಿರುತ್ತದೆ. ಬಯಾಸ್‌ನಲ್ಲಿ ತಾರೀಖು ತಿದ್ದಿದರೆ ಸದ್ಯಕ್ಕೆ ಆಗುತ್ತದೆ. ಬ್ಯಾಟರಿ ಬದಲಿಸಿದರೆ ಪೂರ್ತಿ ಆಗುತ್ತದೆ. ಆ ಬ್ಯಾಟರಿ ಸತ್ತಿದ್ದರೆ ಎಷ್ಟೋ ಹಳೆಯ ಯಂತ್ರಗಳು ನೀವು ಕಷ್ಟಪಟ್ಟು ಹೊಂದಿಸಿದ ಬೂಟ್ ಕ್ರಮವನ್ನೂ ಮರೆಯುತ್ತವೆ.

ಎಲ್ಲ ಮುಗಿದ ಮೇಲೆ ಯಂತ್ರವನ್ನು ಕೊಟ್ಟು ಕಳಿಸುವ ಮುಂಚೆ ಒಂದು ಪರೀಕ್ಷೆ ನಾನು ಬಿಡುವುದಿಲ್ಲ. ಪೆನ್‌ಡ್ರೈವ್ ತೆಗೆದು, ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡುತ್ತೇನೆ. ಹಳೆಯ ಬಯಾಸ್‌ನಲ್ಲಿ ಪೆನ್‌ಡ್ರೈವೇ ಮೊದಲ ಡಿಸ್ಕ್ ಅಂತ ಎಣಿಕೆಯಾಗಿದ್ದರೆ, ಕೊನೆಯಲ್ಲಿ ಗ್ರಬ್ (ಲಿನಕ್ಸ್‌ನ ಬೂಟ್‌ಲೋಡರ್) ಎಲ್ಲಿಗೆ ಹಾಕಲಿ ಅಂತ ಕೇಳಿದಾಗ ಮೊದಲ ಸಾಲು ಆರಿಸಿದರೆ ಅದು ಪೆನ್‌ಡ್ರೈವಿನ ಮೇಲೆ ಹೋಗಿ ಕೂರುತ್ತದೆ. ಪೆನ್‌ಡ್ರೈವ್ ಇರುವವರೆಗೆ ಎಲ್ಲ ಸರಿ ಕಾಣುತ್ತದೆ, ಅದನ್ನು ತೆಗೆದ ದಿನ ಯಂತ್ರ ಏಳುವುದಿಲ್ಲ. ಹಾಗಾಗಿ ಆ ಪಟ್ಟಿಯಲ್ಲಿ ಡಿಸ್ಕಿನ ಹೆಸರನ್ನೂ ಗಾತ್ರವನ್ನೂ ಓದಿ ಆರಿಸಬೇಕು. ಆರಿಸಿದ್ದು ಸರಿಯಿದೆ ಅಂತ ಗೊತ್ತಿದ್ದರೂ ಪೆನ್‌ಡ್ರೈವ್ ಇಲ್ಲದೆ ಒಮ್ಮೆ ಆನ್ ಮಾಡಿ, ಲಾಗಿನ್ ಪರದೆ ಬಂದ ಮೇಲೆಯೇ ಚಾರ್ಜರ್ ಸುತ್ತಿ ಕೊಡುತ್ತೇನೆ.