ಊರಿನವರೇ ನೋಟು ಹೊಡೆದರೆ ಅದು ಖೋಟಾ ನೋಟಲ್ವಾ?

ನನ್ನ ಹಳೇ ನೋಟುಗಳ ಆಲ್ಬಮ್‌ನಲ್ಲಿ ಜರ್ಮನಿಯ ಪುಟ ಬಂದ ತಕ್ಷಣ ಎಲ್ಲರೂ ಇದನ್ನೇ ಕೇಳುತ್ತಾರೆ. ಒಂದೊಂದರ ಮೇಲೂ ಒಂದೊಂದು ಊರಿನ ಹೆಸರು, ದೇಶದ ಬ್ಯಾಂಕಿನ ಹೆಸರೇ ಇಲ್ಲ.

ಖೋಟಾ ಅಲ್ಲ. ಖೋಟಾ ಹೊಡೆಯುವವನು ತನ್ನ ಹೆಸರು ಮುಚ್ಚಿಡುತ್ತಾನೆ, ಇವರು ದೊಡ್ಡದಾಗಿ ಬರೆದುಕೊಂಡಿದ್ದಾರೆ! ಇದಕ್ಕೆ ನೋಟ್‌ಗೆಲ್ಡ್ ಅನ್ನುತ್ತಾರೆ. ಈ ‘ನೋಟ್’ ನಮ್ಮ ನೋಟಲ್ಲ, ಜರ್ಮನ್ನಿನಲ್ಲಿ ಕಷ್ಟಕಾಲ ಅಂತ ಅರ್ಥ.

1914ರಲ್ಲಿ ಯುದ್ಧ ಶುರುವಾದಾಗ ಜನ ಬೆಳ್ಳಿ ನಾಣ್ಯ ಬಚ್ಚಿಟ್ಟರು, ಆಮೇಲೆ ತಾಮ್ರ, ನಿಕ್ಕಲ್ ಎಲ್ಲ ಯುದ್ಧಕ್ಕೇ ಹೋಯಿತು. ಚಿಲ್ಲರೆ ಇಲ್ಲ ಅಂದರೆ ನಮ್ಮಲ್ಲಿ ಚಾಕಲೇಟ್ ಕೊಡುತ್ತಾರೆ, ಅಲ್ಲಿ ಪುರಸಭೆಗಳು 10, 25, 50 ಫೆನಿಗ್‌ನ ಚೀಟಿ ಹೊಡೆದವು (ನೂರು ಫೆನಿಗ್ ಸೇರಿದರೆ ಒಂದು ಮಾರ್ಕ್, ಅದೇ ಆಗಿನ ಜರ್ಮನಿಯ ದುಡ್ಡು). ಮುಂದೆ ಸುಮ್ನೆ ಸಂಗ್ರಹಕಾರರಿಗೆ ಮಾರಲೆಂದೇ ಬಣ್ಣಬಣ್ಣದ ಚೀಟಿ ಬಂದವು. ಹ್ಯಾಮೆಲಿನ್ ಊರು ತನ್ನ ಕಿಂದರಿಜೋಗಿಯನ್ನೇ ಹಾಕಿಕೊಂಡಿತು.

ನಿಜವಾದ ಕಷ್ಟ 1923ರದ್ದು. ಜನವರಿಯಲ್ಲಿ ಫ್ರಾನ್ಸ್, ಬೆಲ್ಜಿಯಂ ಸೇನೆಗಳು ಜರ್ಮನಿಯ ಕಾರ್ಖಾನೆ, ಗಣಿಗಳಿದ್ದ ರೂರ್ ಪ್ರದೇಶಕ್ಕೆ ನುಗ್ಗಿದವು. ಅದನ್ನು ವಿರೋಧಿಸಿ ಅಲ್ಲಿ ಕೆಲಸ ನಿಲ್ಲಿಸಿ ಕೂತವರಿಗೆ ಕೊಡಲು ಸರ್ಕಾರ ದುಡ್ಡು ಅಚ್ಚು ಹಾಕುತ್ತಲೇ ಹೋಯಿತು. ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ನೂರಕ್ಕೂ ಜಾಸ್ತಿ ಖಾಸಗಿ ಪ್ರೆಸ್‌ಗಳು ರೈಷ್‌ಬ್ಯಾಂಕಿಗೆ, ಅಂದರೆ ಜರ್ಮನಿಯ ಕೇಂದ್ರ ಬ್ಯಾಂಕಿಗೆ, ನೋಟು ಹೊಡೆಯುತ್ತಿದ್ದರೂ ಸಾಲುತ್ತಿರಲಿಲ್ಲ. ಇವತ್ತಿನ ಕೂಲಿ ನಾಳೆ ಕೊಟ್ಟರೆ ಅದರಲ್ಲಿ ಬ್ರೆಡ್ಡೂ ಬರದು. ಬರ್ಲಿನ್ನಿನಿಂದ ನೋಟು ಬರಲಿ ಅಂತ ಕಾಯೋದು ಹೇಗೆ? ಊರುಗಳು, ಕಾರ್ಖಾನೆಗಳು, ರೈಲ್ವೆ ಎಲ್ಲರೂ ಹೊಡೆದರು. ನನ್ನ ಹತ್ತಿರ ಇರುವ ಕೆಲವಕ್ಕೆ ಹಿಂಬದಿಯೇ ಖಾಲಿ, ಎರಡು ಕಡೆ ಅಚ್ಚು ಹಾಕುವಷ್ಟು ಪುರಸೊತ್ತೂ ಇರಲಿಲ್ಲ. ಬೀಲೆಫೆಲ್ಡ್ ಮಾತ್ರ ಬಟ್ಟೆ ನೇಯುವ ಊರು ನೋಡಿ, ರೇಷ್ಮೆ ಮೇಲೂ ಹೊಡೆಯಿತು. ಅದು ಜಾಸ್ತಿ ಸಂಗ್ರಹಕಾರರಿಗೇ.

ಹಾಗಂತ ಇವರೆಲ್ಲ ಸಾಚಾ ಅನ್ನುವುದಿಲ್ಲ. ಅನುಮತಿ ಬೇಕು ಅಂತ 1922ರಲ್ಲೇ ಕಾನೂನಿತ್ತು, ಎಷ್ಟೋ ಕಡೆ ಕೇಳಲೇ ಇಲ್ಲ, ಹೊಡೆದಷ್ಟೂ ಬೆಲೆ ಇನ್ನೂ ಏರಿತು.

ಆಲ್ಬಮ್‌ನಲ್ಲಿ ಖೋಟಾ ಥರ ಕಾಣುವ ನೋಟು ಬೇರೆಯೇ ಇದೆ. ಅಚ್ಚಾಗಿರುವುದು 1000 ಮಾರ್ಕ್ ಅಂತ, ತಾರೀಕು 1922ರ ಡಿಸೆಂಬರ್ 15. ಅದರ ಮೇಲೇ ಕೆಂಪಕ್ಷರದಲ್ಲಿ ‘100 ಕೋಟಿ ಮಾರ್ಕ್’ ಅಂತ ಒತ್ತಿದ್ದಾರೆ, ಕೆಳಗಿನ 1000 ಹಾಗೇ ಕಾಣುತ್ತದೆ. ಅದು ಮಾತ್ರ ಯಾವ ಊರಿನದೂ ಅಲ್ಲ, ರೈಷ್‌ಬ್ಯಾಂಕಿನದೇ.