ಥೆಸಲೊನೀಕಿಯಲ್ಲಿ ಸಿಕ್ಕ ಸಜ್ಜಿಗೆ

ಗ್ರೀಸ್ ಅಂದ್ರೆ ಎಲ್ಲರೂ ಅಥೆನ್ಸ್ ಅಂತಾರೆ, ಇಲ್ಲಾಂದ್ರೆ ನೀಲಿ ಗುಮ್ಮಟಗಳ ಸಾಂತೊರೀನಿ. ನಾವು ಉತ್ತರ ಗ್ರೀಸ್‌ನ ಥೆಸಲೊನೀಕಿಗೆ ಹೋಗಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಮ್ಯೂನಿಕ್‌ನಿಂದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು. ಮೈಸೂರಿನಿಂದ ನನ್ನ ಮನೆಗೆ ಬಂದಿದ್ದ ಅಮ್ಮನಿಗೆ ಚಳಿ ಸಾಕಾಗಿತ್ತು. "ಬಿಸಿಲಿರೋ ಕಡೆ ಎಲ್ಲಾದ್ರೂ ಕರ್ಕೊಂಡು ಹೋಗೇ" ಅಂದಳು. ಅದು 2025ರ ಮಾರ್ಚ್. ನಾಲ್ಕು ದಿನಕ್ಕೆ ಹೊರಟೆವು.

ಬಿಸಿಲೇನೋ ಇತ್ತು. ಜೊತೆಗೆ ವರ್ದಾರಿಸ್ ಕೂಡ ಇತ್ತು. ಉತ್ತರದ ಕಣಿವೆಯಿಂದ ನುಗ್ಗಿ ಬರುವ ತಣ್ಣನೆ ಗಾಳಿಗೆ ಅಲ್ಲಿನವರು ಇಟ್ಟ ಹೆಸರು ಅದು. ಅಮ್ಮ ಸೆರಗನ್ನು ಕೋಟಿನೊಳಗೆ ತುರುಕಿ, ಕಿವಿಗೆ ಮಫ್ಲರ್ ಸುತ್ತಿಕೊಂಡು, ನನ್ನನ್ನು ಬೈಯುತ್ತಲೇ ಸಮುದ್ರದ ದಂಡೆಯಲ್ಲಿ ನಡೆದಳು. ಆದರೆ ಆ ಗಾಳಿ ಮಬ್ಬನ್ನೆಲ್ಲ ಗುಡಿಸಿ ಹಾಕಿತ್ತು. ಕೊಲ್ಲಿಯ ಆಚೆ ಹಿಮ ಹೊದ್ದ ಒಲಿಂಪಸ್ ಬೆಟ್ಟ ಕಾಣಿಸಿತು. ಗ್ರೀಕರ ಹಳೆಯ ದೇವರುಗಳ ಮನೆ ಅದು ಅಂದೆ. "ಕೈಲಾಸ ಇದ್ದ ಹಾಗೆ" ಅಂದವಳೇ ನಿಂತಲ್ಲೇ ಕೈ ಮುಗಿದಳು. ಬೈಗುಳ ಅಲ್ಲಿಗೆ ನಿಂತಿತು.

ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಊಟದ್ದೇ ನನಗೆ ಭಯ. ಅದೃಷ್ಟಕ್ಕೆ ನಾವು ಹೋದಾಗ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ. ಆರ್ಥೊಡಾಕ್ಸ್ ಕ್ರೈಸ್ತರು ಆಗ ಮಾಂಸ, ಮೊಟ್ಟೆ, ಹಾಲು ಎಲ್ಲ ಬಿಡುತ್ತಾರೆ. ಅಂಥ ಅಡುಗೆಗೆ ಅವರ ಮಾತು 'ನಿಸ್ತೀಸಿಮೊ'. ಈ ಒಂದು ಪದ ಕಲಿತರೆ ಸಾಕು ಅಂದುಕೊಂಡು ಮೊದಲ ರಾತ್ರಿ ಒಂದು ಸಣ್ಣ ತವೆರ್ನಾದಲ್ಲಿ ಕೂತೆವು. ತವೆರ್ನಾ ಅಂದ್ರೆ ನಮ್ಮ ಊಟದ ಹೋಟೆಲಿನಂಥದ್ದು.

ಮೊದಲು ಬಂದದ್ದು ಟೊಮೆಟೊದಲ್ಲಿ ಬೆಂದ ದಪ್ಪ ದಪ್ಪ ಬಿಳಿ ಕಾಳು. ಹೆಸರು 'ಯೀಗಾಂದೆಸ್', ಅಂದರೆ ರಾಕ್ಷಸರು! ನಮ್ಮ ಅವರೆಕಾಳಿನ ಎರಡರಷ್ಟು ಗಾತ್ರ. ಅಮ್ಮ ಬ್ರೆಡ್ಡಿನಲ್ಲಿ ತಟ್ಟೆ ಒರೆಸಿ ತಿಂದಳು. ಆಮೇಲೆ ಬಿಸಿಬಿಸಿಯಾಗಿ ಕರಿದ, ಹೊಂಬಣ್ಣದ ಬಳೆಗಳು ಬಂದವು. "ಈರುಳ್ಳಿ ಬಜ್ಜಿ!" ಅಂತ ಅಮ್ಮ ನಿಂಬೆಹಣ್ಣು ಹಿಂಡಿ ಒಂದನ್ನು ಎತ್ತಿಕೊಂಡೇ ಬಿಟ್ಟಳು. ಬಾಯಿ ಹತ್ತಿರ ಹೋಗಿತ್ತು. ನನಗೆ ಏಕೋ ಅನುಮಾನ ಬಂದು ಕೈ ಹಿಡಿದೆ. ಅದು ಕಲಮಾರಿ, ಅಂದರೆ ಬೊಂಡಾಸ್ ಮೀನು. ರಕ್ತವಿಲ್ಲದ ಜೀವಿಗಳು ಅಂತ ಬೊಂಡಾಸ್, ಸಿಗಡಿ, ಮರುವಾಯಿ ಎಲ್ಲ ಅವರ ಉಪವಾಸಕ್ಕೆ ನಡೆಯುತ್ತವಂತೆ. ತಪ್ಪು ಹೋಟೆಲಿನವರದಲ್ಲ, ನನ್ನ ಅರ್ಧಂಬರ್ಧ ಗ್ರೀಕ್‌ನದು. ಅಮ್ಮ ಐದು ನಿಮಿಷ ಕೈ ತೊಳೆದಳು. ಮರುದಿನದಿಂದ 'ನಿಸ್ತೀಸಿಮೊ' ಜೊತೆಗೆ 'ಹೊರೀಸ್ ಥಲಸಿನಾ', ಅಂದರೆ ಸಮುದ್ರದ್ದೇನೂ ಬೇಡ, ಅಂತ ಸೇರಿಸಿದೆ. ಅಮ್ಮನೂ ಬಾಯಿಪಾಠ ಮಾಡಿಕೊಂಡಳು.

ಬೆಳಗಿನ ತಿಂಡಿಗೆ ತಾಪತ್ರಯವಿರಲಿಲ್ಲ. ಬೀದಿ ಬೀದಿಯಲ್ಲಿ ಕುಲೂರಿ ಸಿಗುತ್ತದೆ. ಮೈತುಂಬ ಎಳ್ಳು ಮೆತ್ತಿದ, ಅಂಗೈಗಿಂತ ಅಗಲದ ಬ್ರೆಡ್ ಬಳೆ. ಕೋಡುಬಳೆಯ ದೊಡ್ಡಣ್ಣ ಅನ್ನಿ. ಇನ್ನೊಂದು ಬುಗಾತ್ಸಾ. ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬೀಸಿ, ಆಚೆಯದು ಕಾಣುವಷ್ಟು ತೆಳ್ಳಗೆ ಎಳೆದು, ಮಡಚಿ, ಬೇಯಿಸುತ್ತಾರೆ. ಆರ್ಡರ್ ಕೊಟ್ಟ ಮೇಲೆ ಅಗಲವಾದ ಕತ್ತಿಯಿಂದ ಟಕಟಕ ಅಂತ ತುಂಡು ಮಾಡಿ ಕೊಡುತ್ತಾರೆ. ಅಮ್ಮನಿಗೆ ಚೀಸ್‌ನದು. ನನಗೆ ಒಳಗೆ ಕೆನೆಯಂಥ ಹೂರಣ, ಮೇಲೆ ಸಕ್ಕರೆ, ದಾಲ್ಚಿನ್ನಿ ಪುಡಿ ಉದುರಿಸಿದ್ದು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನೇ ಅದಲುಬದಲು ಮಾಡಿಕೊಂಡವು. ಆಗ ಆಚೆ ಕಡೆಯಿಂದ ನಿರಾಶ್ರಿತರಾಗಿ ಬಂದವರ ಜೊತೆ ಬಂದ ಕೈರುಚಿ ಇಂಥವುಗಳಲ್ಲಿ ಇಂದಿಗೂ ಇದೆ.

ಊರು ಹಳೆಯದು. ಕ್ರಿ.ಪೂ. 315ರಲ್ಲಿ ಕಸ್ಸಾಂಡರ್ ರಾಜ ಕಟ್ಟಿ, ಹೆಂಡತಿಯ ಹೆಸರಿಟ್ಟ. ಆಕೆ ಅಲೆಕ್ಸಾಂಡರನ ಮಲತಂಗಿ. ನೋಡಿದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ರೊಟುಂಡಾ. ಕ್ರಿ.ಶ. 4ನೇ ಶತಮಾನದ ಶುರುವಿನಲ್ಲಿ ರೋಮನ್ನರು ಕಟ್ಟಿದ ದುಂಡನೆಯ ಕಟ್ಟಡ. ಗೋಡೆ 6 ಮೀಟರಿಗಿಂತ ದಪ್ಪ. ಆಮೇಲೆ ಚರ್ಚ್ ಆಯಿತು, 1590ರ ಸುಮಾರಿಗೆ ಮಸೀದಿಯಾಯಿತು, 1912ರಲ್ಲಿ ಊರು ಗ್ರೀಸ್‌ಗೆ ಸೇರಿದ ಮೇಲೆ ಮತ್ತೆ ಚರ್ಚ್. ಒಳಗೆ ಚಿನ್ನದ ಬಣ್ಣದ ಮೊಸಾಯಿಕ್, ಹೊರಗೆ ಮಿನಾರು. ಯಾರೂ ಹಿಂದಿನವರದ್ದನ್ನು ಪೂರ್ತಿ ಕೆಡವಿಲ್ಲ. ಎದುರಿನ, ರೋಮನ್ ಚಕ್ರವರ್ತಿ ಗಲೇರಿಯಸ್‌ನ ಕಮಾನಿನ ಕೆಳಗೆ ಕಾಲೇಜು ಹುಡುಗರು ಫೋನ್ ನೋಡುತ್ತ ಗೆಳೆಯರಿಗಾಗಿ ಕಾಯುತ್ತಿದ್ದರು.

ಊರಿನ ಗುರುತಾದ ಶ್ವೇತ ಗೋಪುರ ಈಗ ಬೆಳ್ಳಗಿಲ್ಲ. ಒಟ್ಟೊಮನ್ ತುರ್ಕರ ಕಾಲದಲ್ಲಿ ಜೈಲಾಗಿದ್ದಾಗ ಅದಕ್ಕೆ ರಕ್ತದ ಗೋಪುರ ಅನ್ನುತ್ತಿದ್ದರು. 19ನೇ ಶತಮಾನದ ಕೊನೆಗೆ ಸುಣ್ಣ ಬಳಿದ ಮೇಲೆ ಹೆಸರು ಬದಲಾಯಿತು. ಚೆನ್ನಾಗಿದೆ, ಆದರೆ ಫೋಟೋಗೆ ಅಷ್ಟೇ.

ಮೆಟ್ರೋ ಮಾತ್ರ ಹತ್ತಲೇಬೇಕು. 2006ರಲ್ಲಿ ಕೆಲಸ ಶುರುವಾಗಿ ರೈಲು ಓಡಿದ್ದು 2024ರ ನವೆಂಬರ್ 30ಕ್ಕೆ. ನಮ್ಮ ಬೆಂಗಳೂರಿನವರು ಸ್ವಲ್ಪ ಸಮಾಧಾನ ಮಾಡಿಕೊಳ್ಳಬಹುದು. ಅಗೆದಲ್ಲೆಲ್ಲ ಹಳೆಯ ಊರೇ ಸಿಕ್ಕರೆ ಏನು ಮಾಡ್ತೀರಿ? ವೆನಿಜೆಲು ನಿಲ್ದಾಣದಲ್ಲಿ ಅಮೃತಶಿಲೆ ಹಾಸಿದ ಬೈಜಾಂಟಿಯನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕಾಲದ ರಸ್ತೆಯನ್ನೇ ಉಳಿಸಿ ಇಟ್ಟಿದ್ದಾರೆ. ಡ್ರೈವರ್ ಇಲ್ಲದ ರೈಲು, ಮುಂದಿನ ಗಾಜಿನ ಹತ್ತಿರ ಅಮ್ಮ. ಸುಮ್ನೆ ಎರಡು ಸಲ ಹೋಗಿಬಂದೆವು.

ಎಲೆಫ್ಥೆರಿಯಾಸ್ ಚೌಕದಲ್ಲಿ ಯಹೂದಿಗಳ ಸ್ಮಾರಕವಿದೆ. 1492ರಲ್ಲಿ ಸ್ಪೇನ್‌ನಿಂದ ಹೊರದಬ್ಬಿಸಿಕೊಂಡವರು ಬಂದು ನೆಲೆಸಿ ಬೆಳೆಸಿದ ಊರಿದು. 1943ರ ಮಾರ್ಚ್ 15ರಂದು ಅವರನ್ನು ತುಂಬಿಕೊಂಡ ನಾಜಿಗಳ ಮೊದಲ ರೈಲು ಈ ಊರಿನಿಂದ ಆಶ್‌ವಿಟ್ಸ್ ಸಾವಿನ ಶಿಬಿರಕ್ಕೆ ಹೊರಟಿತು. ಅಲ್ಲಿ ಅಮ್ಮ ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೊನೆಯ ಮಧ್ಯಾಹ್ನ ಮೇಲಿನ ಹಳೇ ಪೇಟೆಯಲ್ಲಿ ಊಟ. ಬಿಲ್ ಕೇಳಿದಾಗ ಬಿಲ್ ಜೊತೆ ಒಂದು ಪುಟ್ಟ ತಟ್ಟೆಯೂ ಬಂತು, ಬಿಟ್ಟಿ. ಅಚ್ಚಿನಲ್ಲಿ ಹಾಕಿ ತೆಗೆದ ಕಂದು ಬಣ್ಣದ ಸಿಹಿ, ಮೇಲೆ ಬಾದಾಮಿ. ಅಮ್ಮ ಒಂದು ಚಮಚ ಬಾಯಿಗಿಟ್ಟು ಕಣ್ಣರಳಿಸಿದಳು. "ಸಜ್ಜಿಗೆ ಕಣೇ ಇದು! ಸತ್ಯನಾರಾಯಣ ಪೂಜೆದು!"

ಅವರು ಅದನ್ನು ಹಲ್ವಾ ಅಂತಾರೆ. ಅಡುಗೆಮನೆಯ ಹೆಂಗಸು ಹೊರಗೆ ಬಂದು ಬೆರಳು ಮಡಚಿ ಲೆಕ್ಕ ಹೇಳಿದಳು. ಒಂದು ಲೋಟ ಎಣ್ಣೆ, ಎರಡು ರವೆ, ಮೂರು ಸಕ್ಕರೆ, ನಾಲ್ಕು ನೀರು. ರವೆ ಕೆಂಪಗೆ ಹುರಿಯಬೇಕಂತೆ. ಅಮ್ಮ ಕನ್ನಡದಲ್ಲೇ "ನಮ್ಮಲ್ಲಿ ಎಲ್ಲಾನೂ ಒಂದೂಕಾಲು" ಅಂತ ಬೆರಳು ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ತುಪ್ಪ ಇಲ್ವಾ ಕೇಳು" ಅಂದಳು. ಉಪವಾಸಕ್ಕೆ ತುಪ್ಪ ಬೆಣ್ಣೆ ನಡೆಯಲ್ಲ, ಅದಕ್ಕೇ ಎಣ್ಣೆ ಅಂದೆ. ಅಮ್ಮ ಒಪ್ಪಿದ ಹಾಗೆ ಕಾಣಲಿಲ್ಲ, ತಟ್ಟೆ ಮಾತ್ರ ಖಾಲಿಯಾಗಿತ್ತು.

ಮ್ಯೂನಿಕ್‌ಗೆ ಬಂದ ಭಾನುವಾರವೇ ಒಲೆ ಮೇಲೆ ಬಾಣಲೆ ಇಟ್ಟಳು. ಒಂದು, ಎರಡು, ಮೂರು, ನಾಲ್ಕು ಅಂತ ಅಳೆದು ಹಾಕಿದಳು. ಎಣ್ಣೆ ಅರ್ಧ ಲೋಟ, ತುಪ್ಪ ಅರ್ಧ ಲೋಟ.